ಬಿಳಿ ಕುದುರೆಗೆ ಹೂ ಕೇಳಿದ್ದು

ತ್ಯಾವಣಿಗೆಯ ಹಾಲಿನ ಡೈರಿಯಲ್ಲಿ ಹಾಲು ಅಳೆದು ಫ್ಯಾಟ್ ನೋಡುವ ಮರುಳಪ್ಪನಿಗೆ ಯಾರನ್ನೂ ಒಂದು ಮಾತು ಕೇಳದೆ ಏನನ್ನಾದರೂ ಮಾಡಿ ಅಭ್ಯಾಸವಿರಲಿಲ್ಲ. ಒಮ್ಮೆ ಚಪ್ಪಲಿ ಕೊಳ್ಳಲು ಚನ್ನಗಿರಿಗೆ ಹೋದವನು ಕಂದು ಬಣ್ಣದ್ದೋ ಕಪ್ಪು ಬಣ್ಣದ್ದೋ ಎಂದು ಆರು ಜನರನ್ನು ಕೇಳಿದ. ಮೂವರು ಕಂದು ಎಂದರು, ಮೂವರು ಕಪ್ಪು ಎಂದರು. ಏಳನೆಯವರನ್ನು ಹುಡುಕಿಕೊಂಡು ಬರುವಷ್ಟರಲ್ಲಿ ಅಂಗಡಿಯವನು ಬಾಗಿಲೆಳೆದುಕೊಂಡು ಊಟಕ್ಕೆ ಹೋಗಿದ್ದ. ಮನೆಗೆ ಮಿಕ್ಸಿ ತರುವ ವಿಚಾರ ನಾಲ್ಕು ವರ್ಷ ನಡೆಯಿತು. ಕೊನೆಗೆ ಹೆಂಡತಿ ರೂಪಶ್ರೀ ಒಂದು ಮಂಗಳವಾರ ತಾನೇ ಹೋಗಿ ಮಿಕ್ಸಿ ತಂದು, ಚಟ್ನಿ ಅರೆದು, ಅದು ಅವನ ಹೊಟ್ಟೆ ಸೇರಿದ ಮೇಲೆ ವಿಷಯ ತಿಳಿಸಿದಳು. ಇದನ್ನು ಮರುಳಪ್ಪನ ದೋಷ ಎನ್ನುವುದು ಅನ್ಯಾಯ. ಸಲಹೆ ಕೇಳುವವನೊಬ್ಬ ಇಲ್ಲದಿದ್ದರೆ, ಸಲಹೆ ಕೊಡುವುದೇ ಕಸುಬಾಗಿರುವ ಇಷ್ಟೊಂದು ಜನ ಊರಿನಲ್ಲಿ ಬದುಕುವುದು ಹೇಗೆ?

ಅವನಿಗಿದ್ದದ್ದು ಒಂದೇ ಒಂದು ಆಸೆ, ಕುದುರೆ ಹತ್ತುವುದು. ಇಪ್ಪತ್ತೆರಡು ವರ್ಷದ ಹಿಂದೆ ಜಗಳೂರಿನಲ್ಲಿ ನಡೆದ ಅವನ ಮದುವೆಗೆ ಬಿಳಿ ಕುದುರೆಯ ಮೆರವಣಿಗೆ ನಿಗದಿಯಾಗಿತ್ತು. ಕುದುರೆಯೂ ಬಂತು, ಆದರೆ ಪಕ್ಕದ ಬೀದಿಯ ಇನ್ನೊಂದು ಮದುವೆಗೆ ಹೋಯಿತು. ಅಲ್ಲಿನ ಮದುಮಗ ಕೇಳದೇ ಬಂದ ಕುದುರೆಯನ್ನು ಬೇಡವೆನ್ನದೆ ಹತ್ತಿಬಿಟ್ಟ. ಮರುಳಪ್ಪನ ಮಾವ ಒಂದು ಟ್ರ್ಯಾಕ್ಟರಿಗೆ ಚೆಂಡುಹೂವಿನ ಹಾರ ಹಾಕಿಸಿ ಅಳಿಯನನ್ನು ಮಡ್‌ಗಾರ್ಡಿನ ಮೇಲೆ ಕೂರಿಸಿದರು. ಮದುವೆ ಆಲ್ಬಮ್ಮಿನ ಮೊದಲ ಎಂಟು ಪುಟಗಳಲ್ಲಿ ಟ್ರ್ಯಾಕ್ಟರು ಮದುಮಗನಿಗಿಂತ ಲಕ್ಷಣವಾಗಿ ಕಾಣುತ್ತದೆ.

ಹೀಗಿರುವಾಗ ಒಂದು ಗುರುವಾರ ಮರುಳಪ್ಪ ಫೋನಿಗೆ ಟೆಂಪರ್ ಗ್ಲಾಸ್ ಹಾಕಿಸಲು ಬಸ್ ಸ್ಟ್ಯಾಂಡ್ ಹತ್ತಿರದ ಸಾದಿಕ್‌ನ ಮೊಬೈಲ್ ಅಂಗಡಿಗೆ ಹೋದ. ಗ್ಲಾಸು ಕೂರಿಸಿ ಒರೆಸುವಾಗ ಪರದೆಯ ಮೇಲೆ ಏನೋ ಒಂದು ಜಾಹೀರಾತು ತೆರೆದುಕೊಂಡಿತು. ಕೋಟೆ, ಕತ್ತಿ, ಹೊಗೆ, ಅದರ ಮಧ್ಯೆ ಯಂತ್ರವೇ ಬರೆದಂಥ ಕನ್ನಡ: "ನಿಮ್ಮ ಹಳೆಯ ಬದುಕನ್ನು ತ್ಯಜಿಸಿ ಬನ್ನಿ. ಹೊಸ ಹೆಸರನ್ನು ಧರಿಸಿ. ಕುಲವನ್ನು ಸೇರಿ. ಭಾನುವಾರ ಸಂಜೆ ಆರರ ಒಳಗೆ ನೋಂದಾಯಿಸಿದವರಿಗೆ ಬಿಳಿ ಕುದುರೆ ಉಚಿತ." ಕೆಳಗೆ ಹಸಿರು ಬಣ್ಣದಲ್ಲಿ "ಹೌದು", ಕೆಂಪು ಬಣ್ಣದಲ್ಲಿ "ಬೇಡ". ಅದರ ಪಕ್ಕದಲ್ಲಿ ಕುದುರೆ ನಿಂತು ತಲೆ ಕೊಡವುತ್ತಿತ್ತು.

ಮರುಳಪ್ಪ ಇದೇನೆಂದು ಕೇಳಿದ.

"ಹೊಸ ಗೇಮು ಅಣ್ಣ, ಆನ್‌ಲೈನು," ಎಂದ ಸಾದಿಕ್. "ಇದರಾಗೆ ನೀವು ನೀವಾಗಿ ಇರಂಗಿಲ್ಲ, ಬ್ಯಾರೆ ಒಂದು ಪಾತ್ರ ಆಗ್ಬೇಕು. ಹೆಸರು ಬ್ಯಾರೆ, ವೇಷ ಬ್ಯಾರೆ, ಕುಲ ಬ್ಯಾರೆ. ಎಲ್ಲೆಲ್ಲಿಯೋರೋ ಬಂದು ಸೇರ್ಕಂತಾರೆ, ಒಟ್ಟಿಗೆ ಕೋಟೆ ಹಿಡೀತಾರೆ. ಒತ್ತಲಾ ಹೌದು?"

ಸಾದಿಕ್‌ನ ಬೆರಳು ಹಸಿರನ್ನು ಮುಟ್ಟುವ ಮೊದಲೇ ಮರುಳಪ್ಪ ಫೋನು ಕಿತ್ತುಕೊಂಡ. ನಲವತ್ತೆಂಟು ವರ್ಷದ ಮನುಷ್ಯ, ಊರಿನ ಹಾಲಿಗೆ ನ್ಯಾಯ ಹೇಳುವವನು, ಫೋನಿನೊಳಗೆ ಕುದುರೆ ಓಡಿಸುತ್ತಾನೆಂದು ಗೊತ್ತಾದರೆ ನಾಳೆಯಿಂದ ಅವನು ಹೇಳುವ ಫ್ಯಾಟನ್ನು ಯಾರು ನಂಬುತ್ತಾರೆ? ಹಾಗಂತ ಕುದುರೆಯನ್ನು ಬಿಡುವ ಮನಸ್ಸೂ ಇಲ್ಲ. ಯಾರನ್ನಾದರೂ ಕೇಳೋಣವೆಂದರೆ ನಗುತ್ತಾರೆ. ನಗದೇ ಇರುವವನು ಊರಲ್ಲಿ ಒಬ್ಬನೇ, ಅವನು ಗುಡಿಯ ಬಸವಣ್ಣ. ಹೂ ಕೇಳುವುದೆಂದು ಮರುಳಪ್ಪ ತೀರ್ಮಾನಿಸಿದ. ಯಾರನ್ನೂ ಕೇಳದೆ ಅವನು ಮಾಡಿದ ಮೊದಲ ತೀರ್ಮಾನ ಇದು, ಎಡವಟ್ಟಾದದ್ದೂ ಇದರಿಂದಲೇ.

ಶುಕ್ರವಾರ ಬೆಳಿಗ್ಗೆ ಡೈರಿ ಕೆಲಸ ಮುಗಿಸಿ, ಮಿಂದು, ಒದ್ದೆ ಪಂಚೆಯಲ್ಲಿ ಗುಡಿಗೆ ಹೋದ. ಪೂಜಾರಿ ಕಲ್ಲೇಶ್ ಎರಡು ಹೂವನ್ನು ನೀರಿನಲ್ಲಿ ಅದ್ದಿ ಬಸವಣ್ಣನ ಹಣೆಯ ಎಡಕ್ಕೊಂದು ಬಲಕ್ಕೊಂದು ಅಂಟಿಸಿದ. ಬಲದ್ದು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಬೋರ್ ಕೊರೆಸುವುದು, ಹೆಣ್ಣು ತರುವುದು, ಚುನಾವಣೆಗೆ ನಿಲ್ಲುವುದು ಎಲ್ಲವೂ ಆ ಊರಿನಲ್ಲಿ ಹೀಗೇ ಇತ್ಯರ್ಥವಾಗುತ್ತಿದ್ದವು. ಕುದುರೆಯ ವಿಷಯ ಬಂದದ್ದು ಇದೇ ಮೊದಲು.

"ಮನಸ್ಸಿನಾಗೆ ಬೇಡ್ಕಳ್ರಿ," ಎಂದ ಕಲ್ಲೇಶ್. "ಹೂ ಬೀಳಾ ತನಕ ಏನು ಎತ್ತ ಅಂತ ಯಾರತ್ರಾನೂ ಬಾಯಿ ಬಿಡಂಗಿಲ್ಲ. ಬಿಟ್ರೆ ದೇವ್ರು ಮಾತಾಡಲ್ಲ."

ಮರುಳಪ್ಪ ಕಣ್ಣು ಮುಚ್ಚಿದ. ಅವನ ಮನಸ್ಸಿಗೆ ಒಂದು ಕಾಯಿಲೆಯಿತ್ತು. ಅಲ್ಲಿ ಅಂದುಕೊಂಡದ್ದನ್ನು ತುಟಿ ಹೊರಗೆ ಬಿಡುತ್ತಿತ್ತು. ಡೈರಿಯಲ್ಲಿ ಅವನು ಮನಸ್ಸಿನಲ್ಲೇ ಕೂಡುವ ಲೆಕ್ಕ ರಸ್ತೆಯವರೆಗೂ ಕೇಳುತ್ತದೆ. ಅವನ ಹಿಂದೆಯೇ ಕೈಮುಗಿದು ನಿಂತಿದ್ದವರು ಪಕ್ಕದ ಮನೆಯ ಸರ್ವಮಂಗಳಮ್ಮ. ಮೂವತ್ತು ವರ್ಷ ಅಂಗನವಾಡಿ ನಡೆಸಿ ನಿವೃತ್ತರಾದವರು, ಊರಿನ ಅರ್ಧ ಜನಕ್ಕೆ ಅಆಇಈ ಕಲಿಸಿದವರು, ಮಿಕ್ಕ ಅರ್ಧದ ಸಮಾಚಾರ ಇಟ್ಟುಕೊಂಡವರು. ಅವರಿಗೆ ಕೇಳಿಸಿದ್ದು ಇಷ್ಟು: "ಹಳೇ ಬದುಕು ಬಿಟ್ಟು... ಹೊಸ ಹೆಸರು... ಬ್ಯಾರೆ ವೇಷ... ಭಾನುವಾರ ಸಂಜೆ ಆರರೊಳಗೆ... ಬಿಳಿ ಕುದುರೆ..."

ಹೂ ಬೀಳಲಿಲ್ಲ. ಅರ್ಧ ಗಂಟೆ ಕಾದರೂ ಎಡದ್ದೂ ಬೀಳಲಿಲ್ಲ, ಬಲದ್ದೂ ಬೀಳಲಿಲ್ಲ. ಹಿಂದಿನ ದಿನ ಯಾರದೋ ಹರಕೆಗೆ ಬಸವಣ್ಣನಿಗೆ ಬೆಣ್ಣೆ ಅಲಂಕಾರವಾಗಿತ್ತು, ಒರೆಸುವುದು ಸ್ವಲ್ಪ ಬಾಕಿಯಿತ್ತು. ಇದು ಕಲ್ಲೇಶನಿಗೆ ಗೊತ್ತಿತ್ತು. ಆದರೆ ಭಕ್ತರ ಎದುರು ಹೇಳುವಂಥ ವಿಷಯವಲ್ಲ. ದೇವರು ಯೋಚನೆ ಮಾಡ್ತಾ ಐತೆ, ಬಿದ್ದಾಗ ಹೇಳಿ ಕಳಿಸ್ತೀನಿ ಎಂದ. ಬಸವಣ್ಣನೂ ತನ್ನಂಥವನೇ ಎಂದು ಮರುಳಪ್ಪನಿಗೆ ಸಮಾಧಾನವೂ ಆಯಿತು, ಗಾಬರಿಯೂ ಆಯಿತು.

ಸರ್ವಮಂಗಳಮ್ಮ ಮಾತ್ರ ಯೋಚನೆ ಮಾಡುತ್ತಾ ಕೂರಲಿಲ್ಲ. ಹಳೆಯ ಬದುಕು ಬಿಡುವುದು, ಹೆಸರು ಬದಲಿಸುವುದು, ವೇಷ ಬದಲಿಸುವುದು ಎಂದರೆ ಕಾವಿಯಲ್ಲದೆ ಇನ್ನೇನು? ಕುದುರೆ ಎಂದರೆ ಮಠದವರು ಕರೆದೊಯ್ಯಲು ಕಳಿಸುವ ಮರ್ಯಾದೆ. ಮಧ್ಯಾಹ್ನದ ಹೊತ್ತಿಗೆ ಮರುಳಪ್ಪ ಸ್ವಾಮಿಯಾಗಲಿದ್ದಾನೆ ಎಂದು ಊರಿಗೆಲ್ಲ ಗೊತ್ತಾಯಿತು. ಯಾವ ಮಠ ಎನ್ನುವುದರಲ್ಲಿ ಮಾತ್ರ ಒಮ್ಮತವಿರಲಿಲ್ಲ. ಹೊನ್ನಾಳಿ ಕಡೆಯದು ಎಂದು ಕೆಲವರು, ಇಲ್ಲ, ಗೋವಿನಕೋವಿಯ ಆಚೆಗೆ ಹೊಸದಾಗಿ ಕಟ್ಟುತ್ತಿದ್ದಾರೆ ಎಂದು ಕೆಲವರು. ಮದುವೆಯಾದವನನ್ನು ಯಾವ ಮಠ ಸೇರಿಸಿಕೊಳ್ಳುತ್ತದೆ ಎಂದು ಒಬ್ಬ ಬುದ್ಧಿವಂತ ಕೇಳಿದ. ಅವನ ಮದುವೆ ಟ್ರ್ಯಾಕ್ಟರ್ ಮೇಲೆ ಆದದ್ದು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ ಎಂದು ಇನ್ನೊಬ್ಬ ಬುದ್ಧಿವಂತ ಬಾಯಿ ಮುಚ್ಚಿಸಿದ.

ಶನಿವಾರ ಬೆಳಿಗ್ಗೆ ಡೈರಿಯಲ್ಲಿ ಫ್ಯಾಟ್ ನೋಡುವ ಯಂತ್ರ ಕೆಟ್ಟಿತು. ಮರುಳಪ್ಪ ಹಾಗೆಂದುಕೊಂಡ. ಮೂರೂವರೆ ದಾಟಿದ ಇತಿಹಾಸವಿಲ್ಲದ ಮನೆಗಳ ಹಾಲು ನಾಲ್ಕೂಕಾಲು, ನಾಲ್ಕೂವರೆ ತೋರಿಸತೊಡಗಿತು. ಯಂತ್ರವನ್ನು ಒರೆಸಿದ, ತಟ್ಟಿದ, ಆರಿಸಿ ಹಚ್ಚಿದ. ಮತ್ತೆ ನಾಲ್ಕೂವರೆ. ಸ್ವಾಮಿಯಾಗುವವರ ಕೈಗೆ ನೀರು ಬೆರೆಸಿದ ಹಾಲು ಕೊಟ್ಟು ಯಾರು ಶಾಪ ಹಾಕಿಸಿಕೊಳ್ಳುತ್ತಾರೆ? ಹಾಲು ಹಾಕಿದವರು ಚೀಟಿ ತೆಗೆದುಕೊಂಡು ಸುಮ್ಮನೆ ಹೋಗದೆ ಬಗ್ಗಿ ಅವನ ಕಾಲು ಮುಟ್ಟುತ್ತಿದ್ದರು. ಮೊದಲ ಇಬ್ಬರು ಏನೋ ಬಿದ್ದದ್ದನ್ನು ಹುಡುಕುತ್ತಿದ್ದಾರೆಂದು ಅವನೂ ಬಗ್ಗಿ ಹುಡುಕಿದ.

ಆಗ ಡೈರಿಯ ಅಧ್ಯಕ್ಷ ನಿಂಗರಾಜ್ ಬಂದು ಅವನನ್ನು ಕ್ಯಾನುಗಳ ಹಿಂದಕ್ಕೆ ಕರೆದ. ವಿಷಯ ಎಲ್ಲ ಗೊತ್ತಾಗೈತೆ, ಮುಚ್ಚಿಡಬೇಕಾದ್ದಿಲ್ಲ ಎಂದ. ಮರುಳಪ್ಪನಿಗೆ ಹೊಳೆದದ್ದು ಒಂದೇ: ಸಾದಿಕ್ ಬಾಯಿ ಬಿಟ್ಟಿದ್ದಾನೆ, ಕುದುರೆಯ ಆಸೆ ಊರಿಗೆ ಗೊತ್ತಾಗಿದೆ! ಆದರೆ ನಿಂಗರಾಜ್ ನಗಲಿಲ್ಲ, ಎರಡೂ ಕೈ ಮುಗಿದುಕೊಂಡೇ ಮಾತಾಡುತ್ತಿದ್ದ. ತಾನಾಗಿ ಬಾಯಿ ಬಿಡಬಾರದು ಎಂದು ಪೂಜಾರಿ ಹೇಳಿದ್ದನೇ ಹೊರತು, ಗೊತ್ತಿದ್ದವರು ಕೇಳಿದರೆ ಉತ್ತರ ಕೊಡಬಾರದು ಎಂದಿರಲಿಲ್ಲವಲ್ಲ ಎಂದು ಮರುಳಪ್ಪ ಧೈರ್ಯ ತಂದುಕೊಂಡ.

"ಯಾವ ಕಡೆಗೆ ಅಂತ ನಿಶ್ಚಯ ಆತಾ?" ಎಂದು ನಿಂಗರಾಜ್ ಕೇಳಿದ.

"ಏಳು ಕುಲ ಐತಂತ್ರೀ. ಯಾವುದಕ್ಕೆ ಸೇರಾದು ಅಂತ ಗೊತ್ತಾಗ್ತಿಲ್ಲ. ಯೋಧ ಆಗ್ಬೋದು, ಮಾಂತ್ರಿಕ ಆಗ್ಬೋದು."

"ಮಾಂತ್ರಿಕ ಬ್ಯಾಡ್ರಿ," ಎಂದ ನಿಂಗರಾಜ್ ಗಂಭೀರವಾಗಿ. "ತಾಯತ ಕಟ್ಕಂಡು ಕುಂತ್ರೆ ಡೈರಿಗೆ ಕೆಟ್ಟ ಹೆಸರು. ಗುರುಗಳು ಯಾರು?"

"ಗುರು ಅಂತ ಏನಿಲ್ಲ. ಎಲ್ಲಾನೂ ಸಾದಿಕ್ ಹೇಳ್ಕೊಡ್ತಾನೆ."

ನಿಂಗರಾಜ್ ಮುಗಿದ ಕೈ ಬಿಟ್ಟು ಕತ್ತು ಕೆರೆದುಕೊಂಡ. ಆಮೇಲೆ, ದರ್ಗಾಕ್ಕೂ ಮಠಕ್ಕೂ ಒಂದೇ ಕೈಯಲ್ಲಿ ಸಕ್ಕರೆ ಹಂಚುವ ಊರು ನಮ್ಮದು, ಇದರಲ್ಲಿ ತಪ್ಪೇನಿಲ್ಲ ಎಂದು ತಾನೇ ಸಮಾಧಾನ ಮಾಡಿಕೊಂಡು, ಜೇಬಿನಿಂದ ಟೈಪು ಮಾಡಿಸಿದ ರಾಜೀನಾಮೆ ಪತ್ರ ತೆಗೆದು ಮರುಳಪ್ಪನ ಕೈಗೆ ಕೊಟ್ಟ. ನೀವು ಹೋದ ಮೇಲೆ ಫ್ಯಾಟ್ ನೋಡಲು ನಮ್ಮ ಅಕ್ಕನ ಮಗ ವಿನಯ್ ಕುಮಾರ್ ಒಪ್ಪಿದ್ದಾನೆ, ಸಹಿ ಒಂದು ಹಾಕಿಬಿಡಿ ಎಂದ. ಕುದುರೆಗೆ ನೌಕರಿಯನ್ನೇ ಬಿಡಬೇಕಾಗುತ್ತದೆಂದು ಸಾದಿಕ್ ಹೇಳಿರಲಿಲ್ಲ. ಒಂದು ಮಾತು ಕೇಳಿ ಹೇಳುತ್ತೇನೆ ಎಂದು ಮರುಳಪ್ಪ ಪತ್ರವನ್ನು ಜೇಬಿಗಿಟ್ಟುಕೊಂಡ. ಆ ಮಧ್ಯಾಹ್ನ ಇಬ್ಬರು ಅಜ್ಜಿಯರು ಸಾದಿಕ್‌ನ ಅಂಗಡಿಗೆ ಹೋಗಿ ಚಾರ್ಜರುಗಳ ಮುಂದೆ ಒಂದು ಡಜನ್ ಬಾಳೆಹಣ್ಣಿಟ್ಟು ನಮಸ್ಕಾರ ಮಾಡಿದರು. ಸಾದಿಕ್ ಯಾಕೆಂದು ಕೇಳಲಿಲ್ಲ, ಹಸಿದಿದ್ದ.

ಮನೆಯಲ್ಲಿ ತಟ್ಟೆಯ ಬದಲು ಬಾಳೆಲೆ ಹಾಕಿತ್ತು. ಸಾರಿನಲ್ಲಿ ಈರುಳ್ಳಿ ಇರಲಿಲ್ಲ, ಬೆಳ್ಳುಳ್ಳಿ ಇರಲಿಲ್ಲ, ಒಗ್ಗರಣೆಯೂ ಇದ್ದಂತಿರಲಿಲ್ಲ. ರೂಪಶ್ರೀ ಬಡಿಸಿ ದೂರ ನಿಂತಳು. ಸರ್ವಮಂಗಳಮ್ಮ ಬಂದು ಸಮಾಧಾನ ಹೇಳಿ ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಸಾರು ಸಪ್ಪೆ ಎಂದು ಹೇಳಲೋ ಬೇಡವೋ ಎಂದು ಯೋಚಿಸುತ್ತಾ ಅರ್ಧ ಊಟ ಮುಗಿಸಿದ.

"ಯಾವಾಗ ಅಂತೆ?" ಎಂದು ರೂಪಶ್ರೀ ಕೇಳಿದಳು.

ಇವಳಿಗೂ ಗೊತ್ತಾಗಿದೆ. ಮರುಳಪ್ಪ ತಲೆ ಎತ್ತದೆ, ನಾಳೆ ಸಂಜೆ ಆರರೊಳಗೆ ಎಂದ.

"ಊರಾಗೆ ಎಲ್ಲಾರ್ನೂ ಕೇಳ್ತೀರಿ. ಬಸವಣ್ಣನ್ನ ಕೇಳಿದ್ರಿ. ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

"ಇದೆಲ್ಲಾ ನಿಂಗೆ ತಿಳಿಯಲ್ಲ ರೂಪಾ," ಎಂದ ಮರುಳಪ್ಪ.

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಯಾರನ್ನೂ ಕೇಳದೆ ಅವನಾಡಿದ ಒಂದೇ ಮಾತು ಅದು. ಅವಳಿಗೆ ನೋವಾಯಿತು. ಅಳಲಿಲ್ಲ. ಎಲೆ ಎತ್ತಿ, ಕೈ ತೊಳೆದು, ಜಗಳೂರಿನ ತಮ್ಮ ಪ್ರಸನ್ನಕುಮಾರನಿಗೆ ಫೋನು ಮಾಡಿದಳು. ಮಾರನೆಯ ದಿನ ಮಧ್ಯಾಹ್ನ ಸೆರಗು ಸಿಕ್ಕಿಸಿಕೊಂಡು ನೇರವಾಗಿ ಸಾದಿಕ್‌ನ ಅಂಗಡಿಗೆ ಹೋದಳು. ನನ್ನ ಗಂಡನಿಗೆ ಅದೇನು ದೀಕ್ಷೆ ಕೊಡುತ್ತೀಯಪ್ಪ ನೀನು ಎಂದು ವಿಚಾರಿಸಿಕೊಳ್ಳುವುದಕ್ಕೆ. ಬರುವಾಗ ಅವಳ ಮುಖ ಬೇರೆಯಾಗಿತ್ತು, ಆದರೆ ನೋಡುವ ಪುರಸೊತ್ತು ಯಾರಿಗಿತ್ತು?

ಭಾನುವಾರ ನಾಲ್ಕು ಗಂಟೆಗೆ ಕುದುರೆ ಬರುವುದನ್ನು ನೋಡಲು ಗುಡಿಯ ಮುಂದೆ ಊರೇ ನೆರೆದಿತ್ತು. ಮರುಳಪ್ಪನೂ ಹೂ ನೋಡಲು ಬಂದಿದ್ದ, ಅದು ಇನ್ನೂ ಬಿದ್ದಿರಲಿಲ್ಲ. ಬಾಡಿತ್ತು, ಸುರುಟಿತ್ತು, ಆದರೂ ಬಸವಣ್ಣನ ಹಣೆಯನ್ನು ಕಚ್ಚಿಕೊಂಡೇ ಇತ್ತು. ಪ್ರಸನ್ನಕುಮಾರ್ ಒಂದು ಗೂಡ್ಸ್ ಗಾಡಿಯಲ್ಲಿ ಹದಿನಾಲ್ಕು ಜನ ನೆಂಟರನ್ನು ತುಂಬಿಕೊಂಡು ಬಂದಿಳಿದ. ಕೆಲವರು ಬೈಯುವುದಕ್ಕೆ ಬಂದಿದ್ದರು, ಕೆಲವರು ಅಳುವುದಕ್ಕೆ, ಇಬ್ಬರು ದಾರಿಯಲ್ಲಿ ಊಟ ಸಿಗುತ್ತದೆಂದು.

"ಭಾವ," ಎಂದ ಪ್ರಸನ್ನಕುಮಾರ್ ಎಲ್ಲರ ಎದುರು. "ನೀವು ಸ್ವಾಮಿ ಆಗ್ರಿ, ಜಗದ್ಗುರು ಆಗ್ರಿ, ಬ್ಯಾಡ ಅನ್ನಲ್ಲ. ನಮ್ಮ ಅಕ್ಕನ ಗತಿ ಏನು, ಅದು ಹೇಳ್ರಿ."

ಮರುಳಪ್ಪ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಬೇರೆ ಯಾರಾದರೂ ಸ್ವಾಮಿ ಆಗುವವರು ನಿಂತಿರಬಹುದೆಂದು. ಯಾರೂ ಇರಲಿಲ್ಲ.

"ಯಾರು ಸ್ವಾಮಿ ಆಗಾದು?"

"ಬಿಳಿ ಕುದುರೆ ಬರ್ತಾ ಐತಲ್ಲ ನಿಮ್ಮನ್ನ ಕರ್ಕಂಡು ಹೋಗಾಕೆ," ಎಂದರು ಸರ್ವಮಂಗಳಮ್ಮ. "ನಾನೇ ಕೇಳಿಸ್ಕಂಡೀನಿ."

ಆಗ ಮರುಳಪ್ಪನಿಗೆ ಕಾಲು ಮುಟ್ಟಿದ್ದು, ಬಾಳೆಲೆ, ಸಪ್ಪೆ ಸಾರು ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅವನು ಫೋನು ತೆಗೆದು ಎತ್ತಿ ಹಿಡಿದ. "ಕುದುರೆ ಬರಾದು ಇದರಾಗೆ," ಎಂದ. "ಗೇಮು."

ಸಾದಿಕ್‌ನನ್ನು ಕರೆಸಿದರು. ಅವನು ಬಂದು ಪಾತ್ರ, ಕುಲ, ಕೋಟೆ ಎಲ್ಲ ವಿವರಿಸಿದ. ಕೊನೆಗೆ ಇನ್ನೇನೋ ಹೇಳಲು ಬಾಯಿ ತೆರೆದವನು ಹೆಂಗಸರ ಗುಂಪಿನಲ್ಲಿದ್ದ ರೂಪಶ್ರೀಯ ಕಡೆ ನೋಡಿ, ಅವಳು ಕಣ್ಣು ಬಿಟ್ಟ ಬಗೆ ಕಂಡು ಬಾಯಿ ಮುಚ್ಚಿಕೊಂಡ. ಮರುಳಪ್ಪ ನಗೆಯ ಸದ್ದಿಗೆ ಕಾದು ತಲೆ ತಗ್ಗಿಸಿ ನಿಂತ. ಯಾರೂ ನಗಲಿಲ್ಲ. ಅವರಿಗೆ ಬಂದದ್ದು ಸಿಟ್ಟು.

"ಎರಡು ದಿನ ಒಂದು ಲೋಟ ನೀರು ಹಾಕದೆ ಹಾಲು ತಂದೀವಿ," ಎಂದು ಒಬ್ಬ ಹೇಳಿದ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಅವನಿಗೆ ಹೊಳೆಯಿತು. ಡೈರಿ ಅಧ್ಯಕ್ಷ ನಿಂಗರಾಜನೂ ಬೇರೆ ಕಡೆ ನೋಡಿದ. ಅವನದೂ ಎರಡು ಹಸು ಇದ್ದವು.

ಮಾತು ಹಾಲಿನ ಕಡೆ ಹೋಗುವುದು ಯಾರಿಗೂ ಬೇಕಿರಲಿಲ್ಲ. ಹಾಗಾಗಿ ಇಡೀ ಊರು ಒಂದೇ ಮನಸ್ಸಿನಿಂದ ಕುದುರೆಯ ಕಡೆ ತಿರುಗಿತು. ಮರುಳಪ್ಪ ಆಟ ಸೇರಬೇಕೋ ಬೇಡವೋ? ಪುಕ್ಕಟೆ ಬರುವುದನ್ನು ಯಾಕೆ ಬಿಡಬೇಕು ಎಂದರು ಜಗಳೂರಿನವರು. ಕುದುರೆಗೆ ಹುಲ್ಲು ಯಾರು ಹಾಕುತ್ತಾರೆ ಎಂದು ಸರ್ವಮಂಗಳಮ್ಮ ಕೇಳಿದರು. ಸೇರಿದರೆ ಯೋಧನಾಗಿಯೇ ಸೇರಬೇಕೆಂದು ನಿಂಗರಾಜ್ ಪಟ್ಟು ಹಿಡಿದ. ಏಳು ಕುಲದಲ್ಲಿ ನಮ್ಮದು ಯಾವುದು ಎಂದು ಇಬ್ಬರು ಹಿರಿಯರು ಸಾದಿಕ್‌ನನ್ನು ಮೂಲೆಗೆ ಕರೆದು ವಿಚಾರಿಸಿದರು. ಕೈ ಎತ್ತಿಸಿ ಎಣಿಸಿದರೆ ಸಮಸಮ ಬಂತು. ಗೂಡ್ಸ್ ಗಾಡಿಯ ಡ್ರೈವರ್ ಯಾವ ಕಡೆಗೂ ಕೈ ಎತ್ತಿರಲಿಲ್ಲ, ಅವನನ್ನು ನಿದ್ದೆಯಿಂದ ಎಬ್ಬಿಸಿ ಕರೆತಂದರು. ಅವನು ಕಣ್ಣುಜ್ಜಿಕೊಂಡು, ಹತ್ತಲಿ ಬಿಡ್ರಿ ಪಾಪ ಎಂದ.

ಮರುಳಪ್ಪ ಹಸಿರು ಗುಂಡಿ ಒತ್ತಿದ. ಗಂಟೆ ಆರು ದಾಟಿ ನಾಲ್ಕು ನಿಮಿಷವಾಗಿತ್ತು. "ಕ್ಷಮಿಸಿ. ಕುದುರೆಗಳು ಮುಗಿದಿವೆ," ಎಂದಿತು ಫೋನು. ಅದೇ ಹೊತ್ತಿಗೆ ಒಳಗೆ ಕಲ್ಲೇಶ್ ಸಂಜೆಯ ಮಂಗಳಾರತಿ ಎತ್ತಿದ್ದ, ಕರ್ಪೂರದ ಬಿಸಿಗೆ ಬೆಣ್ಣೆ ಕರಗಿ ಹೂವೊಂದು ಟಪ್ಪೆಂದು ಬಿತ್ತು. ಬಲದ್ದು. ಅಪ್ಪಣೆ ಆತು ಎಂದು ಕಲ್ಲೇಶ್ ಸಂಭ್ರಮದಿಂದ ಗಂಟೆ ಬಾರಿಸಿದ.

ಜನ ಕರಗಿದರು. ನಿಂಗರಾಜ್ ಬಂದು ಸಹಿಯಿಲ್ಲದ ರಾಜೀನಾಮೆಯನ್ನು ಮರುಳಪ್ಪನ ಜೇಬಿನಿಂದ ತಾನೇ ತೆಗೆದುಕೊಂಡು ಹೋದ. ನಾಳೆಯ ಫ್ಯಾಟ್ ಮತ್ತೆ ಮೂರೂವರೆಗೆ ಇಳಿಯುತ್ತದೆಂದು ಮರುಳಪ್ಪನಿಗೆ ಗೊತ್ತಿತ್ತು. ಅದಕ್ಕೆ ಬೇಜಾರಿಲ್ಲ. ಕುದುರೆ ಎರಡನೇ ಸಲ ಪಕ್ಕದ ಬೀದಿಗೆ ಹೋಗಿತ್ತು, ಸಂಕಟ ಅದಕ್ಕೆ.

ಮನೆಗೆ ಬಂದರೆ ರೂಪಶ್ರೀ ಕಟ್ಟೆಯ ಮೇಲೆ ಕೂತು ತನ್ನ ಫೋನು ಹಿಡಿದಿದ್ದಳು. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಫೋನಿನಲ್ಲಿ ಟಕಟಕ ಗೊರಸಿನ ಸದ್ದು. ಮರುಳಪ್ಪ ಬಗ್ಗಿ ನೋಡಿದ. ಕೋಟೆಯ ಮುಂದಿನ ಬಯಲಿನಲ್ಲಿ ಕತ್ತಿ ಕಟ್ಟಿದ ಹೆಂಗಸೊಬ್ಬಳು ಬಿಳಿ ಕುದುರೆಯ ಮೇಲೆ ಕೂತಿದ್ದಳು. ಅವಳ ತಲೆಯ ಮೇಲೆ "ಜಗಳೂರಮ್ಮ" ಎಂದು ಬರೆದಿತ್ತು.

"ಮಧ್ಯಾಹ್ನ ಸಾದಿಕ್ ಅಂಗಡಿಗೆ ಹೋಗಿದ್ದೆ," ಎಂದಳು ರೂಪಶ್ರೀ, ಪರದೆಯಿಂದ ಕಣ್ಣು ಕೀಳದೆ. "ಹೌದು ಒತ್ತಲಾ ಅಕ್ಕ ಅಂದ. ಒತ್ತು ಅಂದೆ."

"ಮತ್ತೆ ಗುಡಿ ಹತ್ರ ಬಾಯೇ ಬಿಡ್ಲಿಲ್ಲ ನೀನು."

"ಎಲ್ಲಾರ್ನೂ ಕೇಳ್ತಿದ್ರಲ್ಲ, ಕೇಳಿ ಮುಗಿಸ್ಲಿ ಅಂತ ಬಿಟ್ಟೆ. ಇದೆಲ್ಲಾ ನಂಗೆ ತಿಳಿಯಲ್ಲ ನೋಡ್ರಿ."

ಮರುಳಪ್ಪನಿಗೆ ನಾಚಿಕೆಯಾಯಿತು. ಮೆಟ್ಟಿಲ ಮೇಲೆ ಕೂತ. ತಪ್ಪಾಯಿತು ಎನ್ನಬೇಕೆಂದುಕೊಂಡದ್ದನ್ನು ಅವನ ತುಟಿ ಎಂದಿನಂತೆ ಗಟ್ಟಿಯಾಗಿಯೇ ಹೊರಗೆ ಬಿಟ್ಟಿತು. ಅವಳಿಗೆ ಕೇಳಿಸಿತು. ಕುದುರೆ ನಿಂತಿತು.

"ಮದುವೆ ದಿನ ಚಪ್ಪರದಾಗೆ ನಾನೂ ಕುದುರೆ ಕಾಯ್ತಾ ನಿಂತಿದ್ದೆ ಕಣ್ರಿ," ಎಂದಳು ರೂಪಶ್ರೀ. "ಟ್ರ್ಯಾಕ್ಟರ್ ಬಂತು. ಅದರ ಮ್ಯಾಲೆ ನೀವು ಮುಖ ಸಣ್ಣ ಮಾಡ್ಕಂಡು ಕುಂತಿದ್ದು ಇನ್ನೂ ಕಣ್ಣಾಗೈತೆ." ಆಮೇಲೆ ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು. "ಇದರಾಗೆ ಹಿಂದೆ ಒಬ್ರು ಕೂರಾಕೆ ಆಗತ್ತಂತೆ, ಸಾದಿಕ್ ತೋರಿಸ್ಕೊಟ್ಟ. ಬರ್ತೀರಾ?"

ಮರುಳಪ್ಪ ಅಭ್ಯಾಸಬಲದಿಂದ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಸರ್ವಮಂಗಳಮ್ಮನವರ ಬಾಗಿಲು ಹಾಕಿತ್ತು. ಬೀದಿಯಲ್ಲಿ ಕೇಳಬಹುದಾದ ಒಂದು ನರಪಿಳ್ಳೆಯೂ ಇರಲಿಲ್ಲ. ಅವನು ಪಂಚೆ ಎತ್ತಿ ಕಟ್ಟಿ ಹೆಂಡತಿಯ ಪಕ್ಕ ಹೋಗಿ ಕೂತ.

"ಗಟ್ಟಿಯಾಗಿ ಹಿಡ್ಕಳ್ರಿ," ಎಂದಳು ಜಗಳೂರಮ್ಮ.